8 ಜಿಬಿ ರ‍್ಯಾಮ್ ಅಂದ್ರು, 5.88 ಅಂತ ತೋರಿಸ್ತಿದೆ: ಯಾವುದನ್ನು ನಂಬೋದು?

ಪ್ರಶ್ನೆ: ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ಎಎಂಡಿ ರೈಜನ್ ಪ್ರೊಸೆಸರ್, ವಿಂಡೋಸ್ 11. ರ‍್ಯಾಮ್ 8 ಜಿಬಿ ಅಂತ ಹೇಳಿ ಕೊಟ್ಟರು. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ '8.00 ಜಿಬಿ (5.88 ಜಿಬಿ ಯೂಸಬಲ್)' ಅಂತ ಬರುತ್ತಿದೆ. ಏನೂ ಓಪನ್ ಮಾಡದೇ ಇದ್ದರೂ 60 ಪರ್ಸೆಂಟ್ ಬಳಕೆಯಲ್ಲಿದೆ ಅಂತ ಬೇರೆ ತೋರಿಸುತ್ತೆ. ನನಗೆ ಮೋಸ ಆಗಿದೆಯಾ? ನಿಜವಾಗಿ ಎಷ್ಟು ರ‍್ಯಾಮ್ ಇದೆ ಅಂತ ಪಕ್ಕಾ ಮಾಡಿಕೊಳ್ಳೋದು ಹೇಗೆ? ಇದನ್ನು 16 ಜಿಬಿ ಮಾಡಿಸಬಹುದಾ?

ಉತ್ತರ: ನೀವು ಕೊಟ್ಟಿರೋ ಅಂಕಿಗಳನ್ನು ನೋಡಿದರೆ ಮೋಸದ ಲಕ್ಷಣ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಇದೆ, ಅದರಲ್ಲಿ 2 ಜಿಬಿಯನ್ನು ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸ್ ಭಾಗಕ್ಕೆ ಅಂತ ಎತ್ತಿಟ್ಟಿದ್ದಾರೆ. ರೈಜನ್ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಆದರೆ ನನ್ನ ಮಾತನ್ನೇ ನಂಬಬೇಕಾಗಿಲ್ಲ, ಎರಡು ನಿಮಿಷದಲ್ಲಿ ನೀವೇ ಖಚಿತ ಮಾಡಿಕೊಳ್ಳಬಹುದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ ಮೆಮೊರಿ ಮೇಲೆ ಕ್ಲಿಕ್ ಮಾಡಿ. ಬಲಗಡೆ ಮೇಲೆ ದೊಡ್ಡದಾಗಿ 8.0 ಜಿಬಿ ಅಂತ ಇರುತ್ತೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಸ್ಪೀಡ್, ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್, ಹಾರ್ಡ್‌ವೇರ್ ರಿಸರ್ವ್ಡ್ ಅಂತ ನಾಲ್ಕು ಸಾಲು ಕಾಣುತ್ತವೆ. ಇಡೀ ವಿಂಡೋಸ್‌ನಲ್ಲಿ ರ‍್ಯಾಮ್ ಬಗ್ಗೆ ಇಷ್ಟು ಉಪಯೋಗದ ಮಾಹಿತಿ ಒಂದೇ ಕಡೆ ಸಿಗೋದು ಇಲ್ಲಿ ಮಾತ್ರ, ಆದರೂ ಹೆಚ್ಚಿನವರು ಮೇಲಿನ ಗ್ರಾಫ್ ನೋಡಿ ಮುಚ್ಚಿಬಿಡುತ್ತಾರೆ. ಹಾರ್ಡ್‌ವೇರ್ ರಿಸರ್ವ್ಡ್ ಪಕ್ಕದಲ್ಲಿ ಎಷ್ಟಿದೆ ನೋಡಿ. ನಿಮ್ಮದರಲ್ಲಿ 2.1 ಜಿಬಿ ಆಸುಪಾಸು ಇರಬೇಕು. ಆಮೇಲೆ ಎಡಗಡೆ ಜಿಪಿಯು ಮೇಲೆ ಕ್ಲಿಕ್ ಮಾಡಿ, ಡೆಡಿಕೇಟೆಡ್ ಜಿಪಿಯು ಮೆಮೊರಿ ಅನ್ನೋ ಸಾಲನ್ನು ಹುಡುಕಿ. ಅಲ್ಲಿ 2.0 ಜಿಬಿ ಅಂತ ಇದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಏನೂ ಇಲ್ಲದಿದ್ದರೆ, ಕಳೆದುಹೋಯಿತು ಅಂದುಕೊಂಡಿದ್ದ ರ‍್ಯಾಮ್ ಅಲ್ಲೇ ಇದೆ.

ಲೆಕ್ಕ ಹಾಕಿದರೂ ತಾಳೆ ಆಗುತ್ತೆ. 8 ಜಿಬಿ ಅಂದರೆ 8192 ಎಂಬಿ. 5.88 ಜಿಬಿ ಅಂದರೆ ಸುಮಾರು 6021 ಎಂಬಿ. ವ್ಯತ್ಯಾಸ 2171. ಅದರಲ್ಲಿ 2048 ಎಂಬಿ ಗ್ರಾಫಿಕ್ಸ್‌ಗೆ ಹೋಯಿತು. ಉಳಿದ ನೂರಿಪ್ಪತ್ತು ಚಿಲ್ಲರೆ ಎಂಬಿಯನ್ನು ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರೋ ಮೂಲ ಸಾಫ್ಟ್‌ವೇರ್) ಮತ್ತು ಲ್ಯಾಪ್‌ಟಾಪ್ ಒಳಗಿನ ಬೇರೆ ಸಾಧನಗಳು ಇಟ್ಟುಕೊಂಡಿರುತ್ತವೆ. ಇಷ್ಟು ಪ್ರತಿ ಕಂಪ್ಯೂಟರ್‌ನಲ್ಲೂ ಹೋಗುತ್ತೆ.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಆದರೆ ಮುಂದೆ ಯಾವ ಕಂಪ್ಯೂಟರ್ ಸಿಕ್ಕರೂ ನೀವೇ ಓದಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಕಾಣೋ ಆ ಎರಡು ಅಂಕಿಗಳು ಎರಡು ಬೇರೆ ಬೇರೆ ಜಾಗದಿಂದ ಬರುತ್ತವೆ. ಪ್ರತಿ ರ‍್ಯಾಮ್ ಸ್ಟಿಕ್ ಮೇಲೂ ಒಂದು ಪುಟ್ಟ ಚಿಪ್ ಇರುತ್ತೆ, ಅದಕ್ಕೆ ಎಸ್‌ಪಿಡಿ ಅಂತಾರೆ. ಈ ಸ್ಟಿಕ್ ಎಷ್ಟು ಜಿಬಿ, ಎಷ್ಟು ವೇಗ, ಯಾರು ಮಾಡಿದ್ದು ಅನ್ನೋದನ್ನೆಲ್ಲ ಅದರಲ್ಲಿ ಬರೆದಿಟ್ಟಿರುತ್ತಾರೆ. ಪವರ್ ಬಟನ್ ಒತ್ತಿದ ತಕ್ಷಣ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಓಡೋ ಆ ಫರ್ಮ್‌ವೇರ್, ಆ ಚಿಪ್ಪನ್ನು ಓದಿ ಒಂದು ಪಟ್ಟಿ ತಯಾರು ಮಾಡುತ್ತೆ. ಆ ಪಟ್ಟಿಯ ಹೆಸರು ಎಸ್‌ಎಂಬಯಾಸ್. 'ಇನ್‌ಸ್ಟಾಲ್ಡ್ 8.00' ಅನ್ನೋದನ್ನು ವಿಂಡೋಸ್ ತೆಗೆದುಕೊಳ್ಳೋದು ಆ ಪಟ್ಟಿಯಿಂದ. 'ಯೂಸಬಲ್ 5.88' ಬರೋದು ಅಲ್ಲಿಂದಲ್ಲ. ಬಯಾಸ್ ತನಗೆ, ಗ್ರಾಫಿಕ್ಸ್‌ಗೆ, ಮಿಕ್ಕ ಸಾಧನಗಳಿಗೆ ಬೇಕಾದ್ದನ್ನೆಲ್ಲ ತೆಗೆದಿಟ್ಟ ಮೇಲೆ ವಿಂಡೋಸ್ ಕೈಗೆ ಎಷ್ಟು ಸಿಕ್ಕಿತೋ ಅದು. ಒಂದು ಯಂತ್ರದೊಳಗೆ ಕೂತಿರೋದು, ಇನ್ನೊಂದು ವಿಂಡೋಸ್‌ಗೆ ದಕ್ಕಿದ್ದು.

ಹಾಗಾಗಿ ಎರಡೂ ಸತ್ಯವೇ. ಅವುಗಳ ನಡುವಿನ ಅಂತರದಿಂದಲೇ ಏನಾಗಿದೆ ಅಂತ ಗೊತ್ತಾಗುತ್ತೆ. ನೂರು, ಇನ್ನೂರು ಎಂಬಿ ಅಂತರ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 512 ಎಂಬಿ, 1 ಜಿಬಿ, 2 ಜಿಬಿ ಹೀಗೆ ರೌಂಡ್ ಆಗಿರೋ ಅಂಕಿಗಿಂತ ಸ್ವಲ್ಪ ಜಾಸ್ತಿ ಹೋಗಿದ್ದರೆ ಅದು ಗ್ರಾಫಿಕ್ಸ್ ಪಾಲು, ನಿಮ್ಮ ಕೇಸ್ ಥರ. ಅರ್ಧಕ್ಕರ್ಧ ಮಾಯ ಆಗಿದ್ದರೆ ಮಾತ್ರ ಹುಡುಕಬೇಕು. ಇನ್‌ಸ್ಟಾಲ್ಡ್ ಅಂಕಿಯೇ ಹೇಳಿದ್ದಕ್ಕಿಂತ ಕಡಿಮೆ ಇದೆಯಾ? ಹಾಗಾದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲ ಅಥವಾ ಕೆಟ್ಟಿದೆ, ಇಲ್ಲವೇ ಅಷ್ಟು ರ‍್ಯಾಮ್ ಹಾಕಿಯೇ ಇಲ್ಲ. ಕೊಟ್ಟವರನ್ನು ಕೇಳಬೇಕಾದ್ದು ಆಗ.

ಅರ್ಧ ಮಾಯ ಆಗೋದಕ್ಕೆ ಮೂರು ಕಾರಣಗಳನ್ನು ನಾನು ಜಾಸ್ತಿ ನೋಡುತ್ತೇನೆ. ಹಳೆಯ ಕಂಪ್ಯೂಟರ್‌ನಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಅದು 4 ಜಿಬಿ ದಾಟಿ ಬಳಸೋದಿಲ್ಲ, ಎರಡರ 32ನೇ ಘಾತ ಅಂದರೆ 4,294,967,296 ಬೈಟ್‌ಗಳಿಗೆ ಅದರ ವಿಳಾಸಗಳು ಮುಗಿದುಹೋಗುತ್ತವೆ, ಅದರಲ್ಲೂ ಒಂದಷ್ಟು ವಿಳಾಸಗಳು ಬೇರೆ ಸಾಧನಗಳಿಗೆ ಮೀಸಲಾಗಿ ಕೊನೆಗೆ 3 ಜಿಬಿ ಚಿಲ್ಲರೆ ಮಾತ್ರ ಸಿಗುತ್ತೆ. ನಿಮಗೆ ಈ ಚಿಂತೆ ಇಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಎರಡನೆಯದು, ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗೋ ರೀತಿಯನ್ನು ಹೊಂದಿಸೋ ಸಾಧನ) ಒಳಗೆ ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಅನ್ನೋ ಕಡೆ ಮ್ಯಾಕ್ಸಿಮಂ ಮೆಮೊರಿ ಅಂತ ಒಂದು ಚೌಕ ಇದೆ. ವೇಗ ಜಾಸ್ತಿ ಆಗುತ್ತೆ ಅಂತ ಯಾರೋ ಹೇಳಿದ್ದನ್ನು ಕೇಳಿ ಅದಕ್ಕೆ ಟಿಕ್ ಹಾಕಿರುತ್ತಾರೆ. ಅದರಿಂದ ವೇಗ ಜಾಸ್ತಿ ಆಗಲ್ಲ, ಅಲ್ಲಿರೋ ಅಂಕಿ ಕಡಿಮೆಯಿದ್ದರೆ ರ‍್ಯಾಮ್ ಅಷ್ಟಕ್ಕೇ ನಿಲ್ಲುತ್ತೆ. ಆ ಟಿಕ್ ತೆಗೆದುಬಿಡಿ. ಮೂರನೆಯದು ಸ್ಟಿಕ್ ಸಡಿಲ ಆಗಿರೋದು. ಬಿಚ್ಚಿ, ತುದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತೆ.

ನಿಮ್ಮ 2 ಜಿಬಿಯನ್ನು ವಾಪಸ್ ಪಡೆಯಬಹುದಾ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಗುತ್ತೆ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತುತ್ತಾ ಇದ್ದರೆ ಬಯಾಸ್ ತೆರೆಯುತ್ತೆ, ಯಾವ ಕೀ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲಿ ಯುಎಂಎ ಫ್ರೇಮ್ ಬಫರ್ ಸೈಜ್ ಅಥವಾ ಅದೇ ಥರದ ಹೆಸರಿನ ಆಯ್ಕೆ ಇದ್ದರೆ 2 ಜಿಬಿ ಬದಲು 512 ಎಂಬಿ ಇಡಿ. ಆಟ ಆಡದೇ ಇರೋರಿಗೆ ಇದರಿಂದ ಏನೂ ತೊಂದರೆ ಇಲ್ಲ. ಗ್ರಾಫಿಕ್ಸ್‌ಗೆ ಜಾಸ್ತಿ ಬೇಕಾದಾಗ ವಿಂಡೋಸ್ ಮಾಮೂಲಿ ರ‍್ಯಾಮ್‌ನಿಂದಲೇ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಶೇರ್ಡ್ ಜಿಪಿಯು ಮೆಮೊರಿ ಅಂತ ಕಾಣೋದು ಅದೇ. ಅದು ರ‍್ಯಾಮ್‌ನ ಅರ್ಧದಷ್ಟು ಅಂತ ತೋರಿಸಿದರೂ ಗಾಬರಿ ಬೇಡ, ಅಷ್ಟರ ತನಕ ಕೊಡಬಹುದು ಅಂತ ಅರ್ಥ, ಎತ್ತಿಟ್ಟಿದೆ ಅಂತಲ್ಲ. ಇನ್ನು ಆ ಆಯ್ಕೆಯೇ ಇಲ್ಲದ ಲ್ಯಾಪ್‌ಟಾಪ್‌ಗಳೂ ಬೇಕಾದಷ್ಟಿವೆ. ಇಲ್ಲ ಅಂದರೆ ಬಿಟ್ಟುಬಿಡಿ. ಬಯಾಸ್ ಅನ್ನು ಬದಲಾಯಿಸಿ ಆಯ್ಕೆ ತೆರೆಸೋ ಉಪಾಯಗಳನ್ನು ಕೆಲವರು ಹೇಳುತ್ತಾರೆ, ಎಡವಟ್ಟಾದರೆ ಲ್ಯಾಪ್‌ಟಾಪ್ ಆನ್ ಆಗೋದೇ ನಿಂತುಹೋಗುತ್ತೆ. 2 ಜಿಬಿಗೋಸ್ಕರ ಅಷ್ಟು ಅಪಾಯ ಬೇಡ.

ರ‍್ಯಾಮ್ ನೋಡೋಕೆ ಬೇರೆ ದಾರಿಗಳೂ ಇವೆ. ಕೆಲವು ಗೊಂದಲ ಜಾಸ್ತಿ ಮಾಡುತ್ತವೆ, ಅದಕ್ಕೇ ಹೇಳುತ್ತಿದ್ದೇನೆ. ಸ್ಟಾರ್ಟ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ಅಂತ ಹುಡುಕಿ ತೆರೆದರೆ ಇನ್‌ಸ್ಟಾಲ್ಡ್ ಫಿಸಿಕಲ್ ಮೆಮೊರಿ, ಟೋಟಲ್ ಫಿಸಿಕಲ್ ಮೆಮೊರಿ, ಅವೈಲಬಲ್ ಫಿಸಿಕಲ್ ಮೆಮೊರಿ ಅಂತ ಸಾಲಾಗಿ ಬರುತ್ತೆ. ನಿಮ್ಮದರಲ್ಲಿ ಮೊದಲನೆಯದು 8.00, ಎರಡನೆಯದು 5.88. ಟೋಟಲ್ ಅನ್ನೋ ಹೆಸರು ನೋಡಿ ಇರೋದೇ ಅಷ್ಟು ಅಂದುಕೊಳ್ಳುವವರು ತುಂಬಾ ಜನ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಂಇನ್ಫೋ ಕಮಾಂಡ್ ಕೊಟ್ಟಾಗ ಬರೋ ಟೋಟಲ್ ಕೂಡ ಈ ಯೂಸಬಲ್ ಅಂಕಿಯೇ. ಅದರ ಕೆಳಗೆ ವರ್ಚುಯಲ್ ಮೆಮೊರಿ ಅಂತ ಇನ್ನೂ ದೊಡ್ಡ ಅಂಕಿ ಇರುತ್ತೆ. ಅದರಲ್ಲಿ ಡಿಸ್ಕ್ ಮೇಲಿನ ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸೋ ಜಾಗ) ಕೂಡ ಸೇರಿದೆ, ಅದನ್ನು ರ‍್ಯಾಮ್ ಲೆಕ್ಕಕ್ಕೆ ಹಿಡಿಯಬೇಡಿ. ಕಂಪ್ಯೂಟರ್ ಆನ್ ಆಗಿ ವಿಂಡೋಸ್ ತನಕ ಬರೋದೇ ಇಲ್ಲ ಅನ್ನೋ ಸ್ಥಿತಿಯಲ್ಲಿ ಬಯಾಸ್‌ನ ಮೊದಲ ಪುಟ ನೋಡಬೇಕು, ಅಲ್ಲೂ ಒಟ್ಟು ಎಷ್ಟು ಅಂತ ಬರೆದಿರುತ್ತೆ.

ಇನ್ನೊಂದು ಮಾತು, ಬಳಸಿದ ಯಂತ್ರ ಕೊಳ್ಳುವವರಿಗೆ. 'ಮೆಮೊರಿ 512 ಜಿಬಿ' ಅಂತ ಯಾರಾದರೂ ಹೇಳಿದರೆ ಅದು ಫೈಲ್ ಇಡೋ ಎಸ್‌ಎಸ್‌ಡಿ, ರ‍್ಯಾಮ್ ಅಲ್ಲ. ಅದನ್ನು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತೆ, ಹಾಗಾಗಿ 512 ಅಂತ ಕೊಂಡಿದ್ದು 476 ಜಿಬಿ ಅಂತ ಕಾಣುತ್ತೆ. ರ‍್ಯಾಮ್ ಮಾರೋದೇ 1024ರ ಲೆಕ್ಕದಲ್ಲಿ. ಆದ್ದರಿಂದ 'ಲೆಕ್ಕ ಹಾಕೋ ರೀತಿಯಿಂದ ರ‍್ಯಾಮ್ ಕಡಿಮೆ ಕಾಣುತ್ತೆ' ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. 8 ಜಿಬಿ ಸ್ಟಿಕ್ ಹಾಕಿದರೆ ಇನ್‌ಸ್ಟಾಲ್ಡ್ ಅಂತ 8.00 ಬರಲೇಬೇಕು.

ಏನೂ ತೆರೆಯದೆ 60 ಪರ್ಸೆಂಟ್ ಅಂದಿರಲ್ಲ, ಅದನ್ನೂ ನೋಡೋಣ. 5.88ರಲ್ಲಿ 60 ಪರ್ಸೆಂಟ್ ಅಂದರೆ ಸುಮಾರು 3.5 ಜಿಬಿ. ವಿಂಡೋಸ್ 11, ಆಂಟಿವೈರಸ್, ಜೊತೆಗೆ ತಾವೇ ಶುರುವಾಗೋ ನಾಲ್ಕಾರು ಆ್ಯಪ್‌ಗಳು ಸೇರಿದರೆ ಅಷ್ಟು ಆಗುತ್ತೆ. ಪರ್ಸೆಂಟ್ ಜಾಸ್ತಿ ಕಾಣೋಕೆ ಮುಖ್ಯ ಕಾರಣ ಆ 2 ಜಿಬಿ ಹೊರಗೆ ಹೋಗಿರೋದು, ಇದೇ ಬಳಕೆ ಪೂರ್ತಿ 8ರಲ್ಲಿ 44 ಪರ್ಸೆಂಟ್ ಅಂತ ಕಾಣುತ್ತಿತ್ತು. ಪ್ರೊಸೆಸಸ್ ಪಟ್ಟಿಯಲ್ಲಿ ಮೆಮೊರಿ ಅನ್ನೋ ತಲೆಬರಹದ ಮೇಲೆ ಕ್ಲಿಕ್ ಮಾಡಿ, ಜಾಸ್ತಿ ತಿನ್ನೋದು ಮೇಲೆ ಬರುತ್ತೆ. ಸ್ಟಾರ್ಟಪ್ ಆ್ಯಪ್ಸ್ ಭಾಗಕ್ಕೆ ಹೋಗಿ ಬೇಡದ್ದನ್ನು ಡಿಸೇಬಲ್ ಮಾಡಿ. ಪರ್ಫಾರ್ಮೆನ್ಸ್ ಪುಟದಲ್ಲಿ ಕ್ಯಾಶ್ಡ್ ಅಂತ ಒಂದಿಷ್ಟು ಜಿಬಿ ಇರುತ್ತೆ, ಅದರ ತಂಟೆಗೆ ಹೋಗಬೇಡಿ. ಹಿಂದೆ ಓದಿದ ಫೈಲ್‌ಗಳನ್ನು ಮತ್ತೆ ಬೇಕಾಗಬಹುದು ಅಂತ ವಿಂಡೋಸ್ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತೆ, ಯಾವುದಾದರೂ ಆ್ಯಪ್ ಕೇಳಿದ ತಕ್ಷಣ ಆ ಜಾಗ ಬಿಟ್ಟುಕೊಡುತ್ತೆ. ರ‍್ಯಾಮ್ ಕ್ಲೀನರ್ ಅಂತ ಬರೋ ಆ್ಯಪ್‌ಗಳು ಹೆಚ್ಚಾಗಿ ಮಾಡೋದು ಇದನ್ನು ಅಳಿಸೋ ಕೆಲಸ. ಅಂಕಿ ಕಡಿಮೆ ಕಾಣುತ್ತೆ, ಆಮೇಲೆ ಎಲ್ಲವನ್ನೂ ಡಿಸ್ಕ್‌ನಿಂದ ಮತ್ತೆ ಓದಬೇಕಾಗಿ ಕಂಪ್ಯೂಟರ್ ನಿಧಾನ ಆಗುತ್ತೆ. ಅವುಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ.

ಈಗ 16 ಜಿಬಿ ವಿಷಯ. ಮೊದಲು ಅದು ನಿಮಗೆ ಬೇಕಾ ಅಂತ ನೋಡಿ. ದಿನಾ ಮಾಡೋ ಕೆಲಸ ಮಾಡುತ್ತಾ, ದಿನಾ ತೆರೆಯೋ ಅಷ್ಟೂ ಟ್ಯಾಬ್ ತೆರೆದಿಟ್ಟು, ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಯಾವಾಗಲೂ 85-90 ಪರ್ಸೆಂಟ್ ಮೇಲೇ ಇದ್ದು, ಆ್ಯಪ್‌ನಿಂದ ಆ್ಯಪ್‌ಗೆ ಹೋಗುವಾಗ ಡಿಸ್ಕ್ ಬಳಕೆ ಮೇಲೇರಿ ಎಲ್ಲಾ ತಡವರಿಸುತ್ತಿದ್ದರೆ ರ‍್ಯಾಮ್ ಹಾಕಿಸಿದ್ದಕ್ಕೆ ಫಲ ಸಿಗುತ್ತೆ. 70ರ ಹತ್ತಿರವೇ ನಿಂತಿದ್ದರೆ ಹಣ ಉಳಿಸಿ.

ಬೇಕು ಅಂತಾದರೆ ಮತ್ತೆ ಅದೇ ಮೆಮೊರಿ ಪುಟಕ್ಕೆ ಬನ್ನಿ. ಸ್ಲಾಟ್ಸ್ ಯೂಸ್ಡ್ ಸಾಲು ನೋಡದೆ ರ‍್ಯಾಮ್ ಕೊಳ್ಳಲೇಬೇಡಿ. '1 ಆಫ್ 2' ಅಂತಿದ್ದರೆ 8 ಜಿಬಿಯ ಒಂದೇ ಸ್ಟಿಕ್ ಇದೆ, ಪಕ್ಕದ ಜಾಗ ಖಾಲಿ, ಇನ್ನೊಂದು 8 ಹಾಕಿದರೆ ಮುಗಿಯಿತು. ಇದರಲ್ಲಿ ಇನ್ನೊಂದು ಲಾಭವೂ ಇದೆ: ಎರಡು ಸ್ಟಿಕ್ ಆದಾಗ ಪ್ರೊಸೆಸರ್ ಎರಡರ ಜೊತೆಗೂ ಒಟ್ಟಿಗೆ ಮಾತಾಡುತ್ತೆ, ಅದಕ್ಕೆ ಡ್ಯುಯಲ್ ಚಾನೆಲ್ ಅಂತಾರೆ, ನಿಮ್ಮ ಥರ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸೋ ಲ್ಯಾಪ್‌ಟಾಪ್‌ನಲ್ಲಿ ಆಟ ಮತ್ತು ವಿಡಿಯೋ ಕೆಲಸಕ್ಕೆ ಆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುತ್ತೆ. '2 ಆಫ್ 2' ಅಂತಿದ್ದರೆ ನಾಲ್ಕು ನಾಲ್ಕರ ಎರಡು ಇರಬಹುದು, ಎರಡನ್ನೂ ತೆಗೆದು ಎಂಟೆಂಟು ಹಾಕಬೇಕು. ಫಾರ್ಮ್ ಫ್ಯಾಕ್ಟರ್ ಎದುರು ಸೋಡಿಮ್ ಅಂತಿದ್ದರೆ ಬಿಚ್ಚಿ ಹಾಕಬಹುದಾದ ಸ್ಟಿಕ್. 'ರೋ ಆಫ್ ಚಿಪ್ಸ್' ಅಂತಿದ್ದರೆ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿದೆ, ಅದನ್ನು ತೆಗೆದು ಬದಲಾಯಿಸೋಕೆ ಆಗಲ್ಲ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ. ಅರ್ಧ ಬೆಸುಗೆ, ಅರ್ಧ ಸ್ಟಿಕ್ ಇರೋ ಲ್ಯಾಪ್‌ಟಾಪ್‌ಗಳೂ ಇವೆ, ಮತ್ತು ಬೆಸುಗೆ ಇರುವಲ್ಲಿ ಸ್ಲಾಟ್ ಎಣಿಕೆಯನ್ನು ವಿಂಡೋಸ್ ತಪ್ಪಾಗಿ ತೋರಿಸೋದೂ ಉಂಟು. ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಮಾಡೆಲ್ ನಂಬರ್‌ನ ಮ್ಯಾನ್ಯುಯಲ್ ತೆಗೆದು ಎಷ್ಟು ಸ್ಲಾಟ್, ಗರಿಷ್ಠ ಎಷ್ಟು ಜಿಬಿ ಅಂತ ಒಮ್ಮೆ ಓದಿ.

ಯಾವ ಬಗೆಯ ರ‍್ಯಾಮ್ ಅನ್ನೋದು ಇನ್ನೂ ಮುಖ್ಯ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವು ಒಂದರ ಜಾಗದಲ್ಲಿ ಒಂದು ಕೂರಲ್ಲ. ಲ್ಯಾಪ್‌ಟಾಪ್ ಸ್ಟಿಕ್‌ನಲ್ಲಿ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚಿನ ಜಾಗವೂ ಬೇರೆ, ವೋಲ್ಟೇಜ್ ಕೂಡ 1.5, 1.2, 1.1 ಅಂತ ಇಳಿಯುತ್ತಾ ಬಂದಿದೆ. ಕೂರದಿದ್ದರೆ ಒತ್ತಿ ಕೂರಿಸೋ ಪ್ರಯತ್ನ ಮಾಡಬೇಡಿ. ಟಾಸ್ಕ್ ಮ್ಯಾನೇಜರ್‌ನ ಸ್ಪೀಡ್ ನೋಡಿ ಅಂದಾಜು ಮಾಡಬಹುದು: ಸೋಡಿಮ್‌ನಲ್ಲಿ 1600 ಇದ್ದರೆ ಸಾಮಾನ್ಯವಾಗಿ ಡಿಡಿಆರ್3, 2133ರಿಂದ 3200ರ ಒಳಗಿದ್ದರೆ ಡಿಡಿಆರ್4, 4800 ಅಥವಾ ಮೇಲಿದ್ದರೆ ಡಿಡಿಆರ್5. ಖಚಿತ ಬೇಕಾದರೆ ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎಸ್‌ಪಿಡಿ ಪುಟ ನೋಡಿ, ಮೊದಲು ಹೇಳಿದ ಆ ಪುಟ್ಟ ಚಿಪ್‌ನಲ್ಲಿ ಏನು ಬರೆದಿದೆಯೋ ಅದನ್ನೇ ಅದು ಓದಿ ತೋರಿಸುತ್ತೆ. ಅಲ್ಲಿ ವೇಗ ಅರ್ಧ ಕಾಣುತ್ತೆ, 3200ರ ಸ್ಟಿಕ್ 1600 ಅಂತ ಬರುತ್ತೆ. ಡಿಡಿಆರ್ ಪ್ರತಿ ಗಡಿಯಾರ ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತೆ, ಸಿಪಿಯು-ಝಡ್ ಬಡಿತವನ್ನು ಎಣಿಸುತ್ತೆ, ಅಷ್ಟೇ. ಈ ಅರ್ಧ ಅಂಕಿ ನೋಡಿಕೊಂಡು ತಪ್ಪು ಸ್ಟಿಕ್ ತಂದುಬಿಡಬೇಡಿ.

ಬೇರೆ ಕಂಪ್ಯೂಟರ್ ಇರೋರಿಗೂ ಎರಡು ಮಾತು. ಮ್ಯಾಕ್‌ನಲ್ಲಿ ಎಡಗಡೆ ಮೇಲಿನ ಆ್ಯಪಲ್ ಗುರುತು ಒತ್ತಿ ಅಬೌಟ್ ದಿಸ್ ಮ್ಯಾಕ್ ತೆರೆದರೆ ಸಾಕು. 2020ರಲ್ಲಿ ಬಂದ ಎಂ1 ಮತ್ತು ಅದರ ನಂತರದ ಆ್ಯಪಲ್ ಚಿಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಮೆಮೊರಿ ಹಂಚಿಕೊಳ್ಳುತ್ತವೆ, ಆಮೇಲೆ ಹೆಚ್ಚಿಸೋ ದಾರಿ ಇಲ್ಲ, ಕೊಳ್ಳುವಾಗಲೇ ಯೋಚಿಸಬೇಕು. ಲಿನಕ್ಸ್‌ನಲ್ಲಿ ಫ್ರೀ ಕಮಾಂಡ್ ತೋರಿಸೋ ಟೋಟಲ್ ಕೂಡ ಕೈಗೆ ಸಿಕ್ಕ ರ‍್ಯಾಮ್ ಮಾತ್ರ, ಹಾಕಿರೋ ಸ್ಟಿಕ್‌ಗಳ ಪಟ್ಟಿ ಬೇಕಾದರೆ ಡಿಎಂಐಡಿಕೋಡ್ ಬಳಸಿ, ಅದು ಎಸ್‌ಎಂಬಯಾಸ್ ಪಟ್ಟಿಯನ್ನೇ ಓದುತ್ತೆ. ಫ್ರೀ ಅನ್ನೋ ಕಾಲಂ ಚಿಕ್ಕದಿದ್ದರೆ ಹೆದರಬೇಡಿ, ಅವೈಲಬಲ್ ಕಾಲಂ ನೋಡಿ. ಫೋನ್‌ನಲ್ಲಿ '8+4 ಜಿಬಿ' ಅಂತ ಬರೆದಿದ್ದರೆ ನಿಜವಾದ ರ‍್ಯಾಮ್ 8 ಮಾತ್ರ, ಉಳಿದ 4 ಸ್ಟೋರೇಜ್‌ನಿಂದ ಎರವಲು ಪಡೆದದ್ದು, ಅದು ರ‍್ಯಾಮ್‌ಗಿಂತ ತುಂಬಾ ನಿಧಾನ.

ಕೊನೆಗೆ ನಿಮ್ಮ ಲ್ಯಾಪ್‌ಟಾಪ್‌ಗೇ ಬರೋಣ. ಹೊಸ ಸ್ಟಿಕ್ ಹಾಕುವಾಗ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ. ಸ್ಟಿಕ್ ಅನ್ನು ಓರೆಯಾಗಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಕಡೆಯ ಕ್ಲಿಪ್ ಟಕ್ ಅಂತ ಹಿಡಿದುಕೊಳ್ಳಬೇಕು. ಮೊದಲ ಸಲ ಆನ್ ಮಾಡಿದಾಗ ಸ್ವಲ್ಪ ಹೊತ್ತು ಪರದೆ ಕಪ್ಪಾಗಿಯೇ ಇರಬಹುದು, ಡಿಡಿಆರ್5ರಲ್ಲಂತೂ ಇನ್ನೂ ಜಾಸ್ತಿ ಹೊತ್ತು. ಬಯಾಸ್ ಹೊಸ ರ‍್ಯಾಮ್ ಅನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತೆ, ಗಾಬರಿಯಿಂದ ಆಫ್ ಮಾಡಬೇಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ಡ್ 16.0, ಯೂಸಬಲ್ 13.9ರ ಹತ್ತಿರ ಬರಬೇಕು, ಗ್ರಾಫಿಕ್ಸ್ ಪಾಲು ಕಡಿಮೆ ಮಾಡಿದ್ದರೆ ಇನ್ನೂ ಜಾಸ್ತಿ. ಸ್ಲಾಟ್ಸ್ '2 ಆಫ್ 2'. ಹಾಗೆ ಬಂತು ಅಂತ ಅಲ್ಲಿಗೇ ಬಿಡದೆ, ರಾತ್ರಿ ಮಲಗುವಾಗ ರ‍್ಯಾಮ್‌ನ ದೋಷ ಪರೀಕ್ಷಿಸೋ ಮೆಮ್‌ಟೆಸ್ಟ್86 ಅನ್ನೋ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಬಿಡಿ. ಬೆಳಗ್ಗೆ ಒಂದೇ ಒಂದು ಎರರ್ ತೋರಿಸಿದರೂ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಮತ್ತೆ ಓಡಿಸಿ. ಹೊಸದರಲ್ಲೇ ದೋಷ ಇದೆ ಅಂತ ಗೊತ್ತಾದರೆ ಅದನ್ನು ಬಳಸುತ್ತಾ ಕೂರದೆ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ.